ಮಾಂತ್ರಿಕನೂ ಮಾಟಗಾತಿಯೂ

ಕಳೆದ ಬೇಸಗೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ನನ್ನ ತಮ್ಮ ಒಂದು ಪ್ರಶ್ನೆ ಕೇಳಿದ. ಅವನು ಏಳನೆಯ ತರಗತಿಯ ಹುಡುಗ. ಶಾಲೆಯ ವಾಚನಾಲಯದಿಂದ ಹ್ಯಾರಿ ಪಾಟರ್ ಕಥೆಯ ಮೊದಲನೆಯ ಸಂಪುಟವನ್ನು ತಂದು ಪಡಸಾಲೆಯ ಕಂಬಕ್ಕೆ ಒರಗಿ ಓದುತ್ತಿದ್ದ. “ಅಕ್ಕಾ, ವಿಚ್ ಅಂದರೆ ಯಾರು, ವಿಝರ್ಡ್ ಅಂದರೆ ಯಾರು? ಇಬ್ಬರಿಗೂ ಏನು ವ್ಯತ್ಯಾಸ?” ಎಂದ. ಪದವಿ ತರಗತಿಯಲ್ಲಿ ಆಂಗ್ಲ ಸಾಹಿತ್ಯ ಓದುವವಳೆಂಬ ಗತ್ತಿನಿಂದ ನಾನು ತಲೆಯನ್ನೂ ಎತ್ತದೆ, “ವಿಚ್ ಹೆಂಗಸು, ವಿಝರ್ಡ್ ಗಂಡಸು. ಅಷ್ಟೇ” ಎಂದುಬಿಟ್ಟೆ. ಅವನು ಒಪ್ಪಿಕೊಂಡು ಪುಟ ತಿರುಗಿಸಿದ. ಒಳಗೆ ಅಕ್ಕಿ ಆರಿಸುತ್ತಿದ್ದ ಅಜ್ಜಿ ಮಾತ್ರ ಅಲ್ಲಿಂದಲೇ, “ಗುಡಿ ಹಿಂದಿನ ಮನೆಯವಳು ಇದ್ದಳಲ್ಲ ಮಗಾ, ಅಂಥವಳು ಕಣೋ ಮಾಟಗಾತಿ” ಎಂದರು. ನನ್ನ ಗತ್ತು ಅಲ್ಲಿಗೆ ಇಳಿಯಿತು.

ಆ ಮನೆಯವಳ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ. ತಮ್ಮನಿಗೆ ಕೊಟ್ಟ ಉತ್ತರ ಅವನ ಕೈಯಲ್ಲಿದ್ದ ಪುಸ್ತಕದ ಮಟ್ಟಿಗೆ ಸರಿಯೇ. ೧೯೯೭ರಲ್ಲಿ ಪ್ರಕಟವಾದ ಆ ಕಥೆಯಲ್ಲಿ ಹುಡುಗಿಯರೂ ಹುಡುಗರೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನ ಮೇಲೆ ಕುಳಿತು ಮಂತ್ರ ಕಲಿಯುತ್ತಾರೆ. ಹುಡುಗಿ ವಿಚ್ ಆಗುತ್ತಾಳೆ, ಹುಡುಗ ವಿಝರ್ಡ್ ಆಗುತ್ತಾನೆ. ಆದರೆ ಚರಿತ್ರೆಯ ಶಾಲೆಯಲ್ಲಿ ಇವರಿಬ್ಬರೂ ಎಂದೂ ಒಂದೇ ಬೆಂಚಿನ ಮೇಲೆ ಕುಳಿತವರಲ್ಲ. ರಜೆ ಮುಗಿಸಿ ಬಂದ ಮೇಲೆ ನಮ್ಮ ಕಾಲೇಜಿನ ಪುಸ್ತಕಾಲಯದಲ್ಲಿ ಈ ವಿಷಯವಾಗಿ ಓದಿದ್ದನ್ನು, ನನ್ನ ಅಲ್ಪಮತಿಗೆ ತೋರಿದಷ್ಟನ್ನು, ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಶಬ್ದಗಳ ವಿಚಾರ. ಪ್ರಾಚೀನ ಆಂಗ್ಲ ಭಾಷೆಯಲ್ಲಿ ‘ವಿಚ್ಚ’ ಎಂದರೆ ಮಾಟ ಮಾಡುವ ಗಂಡಸು, ‘ವಿಚ್ಚೆ’ ಎಂದರೆ ಮಾಟ ಮಾಡುವ ಹೆಂಗಸು. ಕಾಲಕ್ರಮದಲ್ಲಿ ಕೊನೆಯ ಸ್ವರ ಸವೆದು ಎರಡೂ ‘ವಿಚ್’ ಆದವು. ಹೀಗೆ ಹುಟ್ಟಿನಲ್ಲಿ ಎರಡು ಲಿಂಗಕ್ಕೂ ಸೇರಿದ್ದ ಪದ ಬರಬರುತ್ತ ಹೆಚ್ಚಾಗಿ ಹೆಂಗಸಿನ ಪಾಲಿಗೆ ಉಳಿಯಿತು. ‘ವಿಝರ್ಡ್’ ಎಂಬುದರ ಕುಲವೇ ಬೇರೆ. ಅದು ‘ವೈಸ್’, ಅಂದರೆ ಬಲ್ಲವನು, ವಿವೇಕಿ ಎಂಬ ಪದದಿಂದ ಬಂದದ್ದು. ಹದಿನೈದನೆಯ ಶತಮಾನದಲ್ಲಿ ಅದಕ್ಕೆ ಪಂಡಿತ, ತತ್ತ್ವಜ್ಞ ಎಂದೇ ಅರ್ಥವಿತ್ತು. ಮಂತ್ರವಾದಿ ಎಂಬ ಅರ್ಥ ಬಂದದ್ದು ಆಮೇಲೆ. ಕುಡುಕನಿಗೆ ‘ಡ್ರಂಕರ್ಡ್’ ಎನ್ನುವಾಗ ಬರುವ ಪ್ರತ್ಯಯವೇ ಇದರ ಬಾಲದಲ್ಲಿಯೂ ಇರುವುದರಿಂದ ತುಸು ಹೀಯಾಳಿಕೆಯೂ ಬೆರೆತಿದೆ. ಆದರೂ ಬುಡದಲ್ಲಿರುವುದು ಜ್ಞಾನವೇ. ಒಂದು ಪದ ಮಾಟದಿಂದ ಹುಟ್ಟಿತು, ಇನ್ನೊಂದು ವಿದ್ಯೆಯಿಂದ ಹುಟ್ಟಿತು.

ನಮ್ಮ ನುಡಿಯಲ್ಲಿಯೂ ಸಂಗತಿ ಬಹುಮಟ್ಟಿಗೆ ಹೀಗೆಯೇ ಇದೆ. ‘ಮಾಟ’ ಎಂಬುದು ‘ಮಾಡು’ ಧಾತುವಿನಿಂದ ಬಂದದ್ದು. ಮೂಲದಲ್ಲಿ ಅದರಲ್ಲಿ ಕೇಡೇನೂ ಇರಲಿಲ್ಲ. ಮಾಡಿದ ರೀತಿ, ರಚನೆ, ಅಂದ ಎಂದಷ್ಟೇ ಅರ್ಥ. ಇಂದಿಗೂ ಮೈಮಾಟ ಎನ್ನುತ್ತೇವೆ, ಮಾಟವಾದ ಮೂಗು ಎನ್ನುತ್ತೇವೆ. ಯಾರೋ ಯಾರಿಗೋ ಏನೋ ‘ಮಾಡಿಸಿದ್ದಾರೆ’ ಎಂಬ ಪಿಸುಮಾತಿನಲ್ಲಿ ಆ ಪದಕ್ಕೆ ವಿಷ ಸೇರಿತು. ಸಂಸ್ಕೃತದ ‘ಕೃತ್ಯೆ’ಯೂ ಮಾಡು ಎಂಬರ್ಥದ ಧಾತುವಿನಿಂದಲೇ ಹುಟ್ಟಿ ಇದೇ ದಾರಿ ಹಿಡಿಯಿತು. ಮಾಂತ್ರಿಕನಾದರೋ ಮಂತ್ರವನ್ನು ಬಲ್ಲವನು; ಅವನಿಗೆ ಒಬ್ಬ ಗುರು, ಒಂದು ಓಲೆಗರಿಯ ಕಟ್ಟು, ಒಂದು ಸಾಧನೆ ಇದೆಯೆಂದು ಜನರ ಭಾವನೆ. ಮಾಟಗಾರ ಎಂಬ ಪುಲ್ಲಿಂಗವೂ ಇದೆ, ಅದೂ ಗೌರವದ ಮಾತಲ್ಲ; ನಿಜ. ಆದರೆ ಮೆಚ್ಚುಗೆಗೆ ಬಳಕೆಯಾಗುವ ಪದ ಯಾವುದೆಂಬುದನ್ನು ನೋಡಿರಿ. ಧ್ಯಾನಚಂದರನ್ನು ಹಾಕಿಯ ಮಾಂತ್ರಿಕನೆಂದು ಲೋಕವೆಲ್ಲ ಕೊಂಡಾಡಿತು. ಚೆಂಡನ್ನು ಚೆನ್ನಾಗಿ ತಿರುಗಿಸುವವನನ್ನು ಪತ್ರಿಕೆಗಳು ಸ್ಪಿನ್ ಮಾಂತ್ರಿಕನೆನ್ನುತ್ತವೆ. ಎಷ್ಟೇ ಇಂಪಾಗಿ ಹಾಡಿದ ಗಾಯಕಿಗೂ ಯಾವ ಸಭೆಯಲ್ಲಿಯೂ ‘ಸಂಗೀತದ ಮಾಟಗಾತಿ’ ಎಂದು ಬಿರುದು ಕೊಟ್ಟದ್ದನ್ನು ನಾನು ಕಂಡಿಲ್ಲ.

ವಿದ್ವಾಂಸರು ಮಾಡಿರುವ ವಿಭಾಗ ಇನ್ನೊಂದು ಬಗೆಯದು. ಇವಾನ್ಸ್-ಪ್ರಿಚರ್ಡ್ ಎಂಬ ಆಂಗ್ಲ ಮಾನವಶಾಸ್ತ್ರಜ್ಞರು ಆಫ್ರಿಕದ ಅಜಾಂಡೆ ಜನರ ನಡುವೆ ಇದ್ದು ೧೯೩೭ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಆ ಜನರ ನಂಬಿಕೆಯಲ್ಲಿ ಕೇಡು ಮಾಡುವವರು ಎರಡು ವಿಧ. ಒಬ್ಬರಿಗೆ ಹುಟ್ಟಿನಿಂದಲೇ ಹೊಟ್ಟೆಯೊಳಗೆ ಒಂದು ವಸ್ತುವಿರುತ್ತದೆ. ಅದು ತಂದೆಯಿಂದ ಗಂಡುಮಕ್ಕಳಿಗೆ, ತಾಯಿಯಿಂದ ಹೆಣ್ಣುಮಕ್ಕಳಿಗೆ ಇಳಿದು ಬರುತ್ತದೆ. ಅದರ ಶಕ್ತಿ ತಾನಾಗಿ ಹೊರಟು ಪರರನ್ನು ಬಾಧಿಸುತ್ತದೆ. ಅದು ತನ್ನಲ್ಲಿದೆಯೆಂಬುದು ಆ ಮನುಷ್ಯನಿಗೇ ತಿಳಿಯದಿರಲೂಬಹುದು. ಇನ್ನೊಬ್ಬನು ಬೇರು, ಮದ್ದು, ಮಂತ್ರಗಳನ್ನು ಕಲಿತು, ಬೇಕೆಂದೇ ಪ್ರಯೋಗಿಸುವವನು. ಆ ನಾಡಿನಲ್ಲಿ ಹೆಣ್ಣು ಗಂಡೆಂಬ ಭೇದ ಮುಖ್ಯವಲ್ಲ; ಹುಟ್ಟು ಮತ್ತು ಕಲಿಕೆ ಎಂಬ ಭೇದವೇ ಮುಖ್ಯ. ಕಲಿತವನು ಬಿಟ್ಟುಬಿಡಬಹುದು. ಹುಟ್ಟಿನಿಂದ ಬಂದದ್ದನ್ನು ಬಿಡುವುದು ಹೇಗೆ? ತನಗೇ ಗೊತ್ತಿಲ್ಲದ್ದನ್ನು ಇಲ್ಲವೆಂದು ರುಜುವಾತು ಮಾಡುವುದು ಹೇಗೆ? ಈ ಪ್ರಶ್ನೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಐರೋಪ್ಯರಲ್ಲಿ ಹುಟ್ಟು-ಕಲಿಕೆಗಳ ಈ ಭೇದಕ್ಕೆ ಹೆಣ್ಣು-ಗಂಡಿನ ಭೇದವೂ ಬಂದು ಹೆಣೆದುಕೊಂಡಿತು. ಅದಕ್ಕೆ ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಕುವೆಂಪು ಅವರು ‘ಬಿರುಗಾಳಿ’ ಎಂದು ಕನ್ನಡಕ್ಕೆ ತಂದ ನಾಟಕವಿದು. ಇದರಲ್ಲಿ ಮಾಂತ್ರಿಕನೊಬ್ಬ, ಮಾಟಗಾತಿಯೊಬ್ಬಳು. ಪ್ರಾಸ್ಪೆರೊ ಮಿಲಾನಿನಿಂದ ಹೊರದೂಡಲ್ಪಟ್ಟು ದ್ವೀಪಕ್ಕೆ ಬಂದ. ಸೈಕೊರಾಕ್ಸ್ ಆಲ್ಜಿಯರ್ಸಿನಿಂದ ಹೊರದೂಡಲ್ಪಟ್ಟು ಅದೇ ದ್ವೀಪಕ್ಕೆ ಬಂದಳು. ಅವನೊಡನೆ ಮಗಳು, ಅವಳ ಬಸಿರಿನಲ್ಲಿ ಮಗ. ಏರಿಯಲ್ ಎಂಬ ಗಾಳಿಯ ಚೇತನವನ್ನು ಅವಳೂ ದುಡಿಸಿದಳು, ಅವನೂ ದುಡಿಸಿದ. ಇಷ್ಟೆಲ್ಲ ಸಾಮ್ಯವಿದ್ದೂ ಅವನು ನಾಟಕದ ನಾಯಕ. ಅವಳು ನಾಟಕ ಆರಂಭವಾಗುವ ಮುನ್ನವೇ ಸತ್ತಿದ್ದಾಳೆ. ಅವಳ ವಿಷಯ ನಮಗೆ ತಿಳಿಯುವುದೆಲ್ಲ ಪರರ ಬಾಯಿಂದ, ಮುಖ್ಯವಾಗಿ ಪ್ರಾಸ್ಪೆರೊನ ಬಾಯಿಂದ. ಅವನ ಬಳಿ ಪುಸ್ತಕಗಳಿದ್ದವು. ಬೇಡವೆನಿಸಿದಾಗ ಆ ವಿದ್ಯೆಯನ್ನು ತೊರೆದು ಮರ್ಯಾದೆಯಿಂದ ಊರಿಗೆ ಮರಳಲು ಅವನು ಸಿದ್ಧನಾದ. ಅವಳಿಗೆ ಆ ಅನುಕೂಲ ಇರಲಿಲ್ಲ.

ನಾಟಕದ ಮಾತು ಹಾಗಿರಲಿ. ನಡೆದ ಸಂಗತಿಯನ್ನೇ ನೋಡೋಣ. ಇಂಗ್ಲೆಂಡಿನಲ್ಲಿ ಎಲಿಜಬೆತ್ ರಾಣಿಯ ಕಾಲಕ್ಕೆ ಜಾನ್ ಡೀ ಎಂಬ ಪಂಡಿತನಿದ್ದ. ಗಣಿತಜ್ಞ, ಜ್ಯೋತಿಷಿ, ಸಾವಿರಾರು ಗ್ರಂಥಗಳ ಒಡೆಯ. ರಾಣಿಯ ಪಟ್ಟಾಭಿಷೇಕಕ್ಕೆ ೧೫೫೯ರ ಜನವರಿ ೧೫ ಒಳ್ಳೆಯ ದಿನವೆಂದು ಮುಹೂರ್ತವಿಟ್ಟವನು ಅವನೇ. ದೇವದೂತರೊಡನೆ ಮಾತನಾಡುತ್ತೇನೆಂದು ನಂಬಿ, ಕನ್ನಡಿಯನ್ನೂ ಸ್ಫಟಿಕವನ್ನೂ ಇಟ್ಟುಕೊಂಡು ವರ್ಷಗಟ್ಟಲೆ ಪ್ರಯೋಗ ನಡೆಸಿದ. ಅದೇ ರಾಣಿಯ ಆಳ್ವಿಕೆಯಲ್ಲಿ, ೧೫೬೩ರಲ್ಲಿ ಮಾಟದ ವಿರುದ್ಧ ಶಾಸನವಾಯಿತು. ೧೫೬೬ರಲ್ಲಿ ಚೆಲ್ಮ್ಸ್‌ಫರ್ಡಿನಲ್ಲಿ ಆಗ್ನೆಸ್ ವಾಟರ್‌ಹೌಸ್ ಎಂಬ ಮುದುಕಿಯನ್ನು ಗಲ್ಲಿಗೇರಿಸಿದರು. ಒಂದು ಬೆಕ್ಕನ್ನು ಸಾಕಿ, ಅದರ ಮೂಲಕ ನೆರೆಯವರಿಗೆ ಕೇಡು ಮಾಡಿದಳೆಂಬುದು ಆರೋಪ. ಡೀಗೂ ತೊಂದರೆ ಬಾರದೆ ಇರಲಿಲ್ಲ. ಜನ ಅವನನ್ನೂ ಸಂಶಯದಿಂದ ನೋಡಿದರು. ಮುಪ್ಪಿನಲ್ಲಿ ಬಡತನ ಕಂಡ. ಆದರೆ ತನ್ನ ಮೇಲಿನ ಅಪವಾದ ಹೆಚ್ಚಾದಾಗ ಅವನು ೧೬೦೪ರಲ್ಲಿ ನೇರವಾಗಿ ದೊರೆಗೇ ಅರ್ಜಿ ಬರೆದು, ನನ್ನನ್ನು ವಿಚಾರಣೆಗೆ ಗುರಿಮಾಡಿ ಕಳಂಕ ತೊಳೆಯಿರಿ ಎಂದು ಕೇಳಬಲ್ಲವನಾಗಿದ್ದ. ಅರ್ಜಿ ಬರೆಯಲು ಬರುವವನಿಗೂ ಬಾರದವಳಿಗೂ ಇರುವ ಅಂತರ ಅಷ್ಟಿಷ್ಟಲ್ಲ.

ಈ ಅಂತರಕ್ಕೆ ಶಾಸ್ತ್ರದ ಮುದ್ರೆ ಒತ್ತಿದವರೂ ಇದ್ದರು. ಜರ್ಮನಿಯ ಹೈನ್ರಿಖ್ ಕ್ರಾಮರ್ ಎಂಬ ಪಾದ್ರಿ ೧೪೮೬ರ ಸುಮಾರಿಗೆ ಲ್ಯಾಟಿನ್ನಿನಲ್ಲಿ ಒಂದು ಗ್ರಂಥ ಅಚ್ಚು ಹಾಕಿಸಿದ. ಅದರ ಹೆಸರಿನ ಅರ್ಥ ‘ಮಾಟಗಾತಿಯರ ಸುತ್ತಿಗೆ’. ಪುಲ್ಲಿಂಗವನ್ನು ಬಿಟ್ಟು ಸ್ತ್ರೀಲಿಂಗವನ್ನೇ ಆರಿಸಿಕೊಂಡ. ಲ್ಯಾಟಿನ್ನಿನಲ್ಲಿ ಸ್ತ್ರೀ ಎಂಬರ್ಥದ ಪದವನ್ನು ಒಡೆದು, ಅದಕ್ಕೆ ‘ನಂಬಿಕೆ ಕಡಿಮೆ ಇರುವವಳು’ ಎಂದು ಸುಳ್ಳು ವ್ಯುತ್ಪತ್ತಿಯನ್ನೂ ಕಟ್ಟಿದ. ವ್ಯಾಕರಣದಿಂದಲೂ ಮನುಷ್ಯರು ಸಾಯಬಹುದೆಂಬುದಕ್ಕೆ ಇದು ಸಾಕ್ಷಿ. ೧೪೫೦ರಿಂದ ೧೭೫೦ರ ವರೆಗಿನ ಮುನ್ನೂರು ವರ್ಷಗಳಲ್ಲಿ ಯುರೋಪಿನಲ್ಲಿ ಮಾಟದ ಆರೋಪದ ಮೇಲೆ ಕೊಲ್ಲಲ್ಪಟ್ಟವರು ಸುಮಾರು ೪೦,೦೦೦ದಿಂದ ೬೦,೦೦೦ ಮಂದಿ ಎಂದು ಇಂದಿನ ಇತಿಹಾಸಕಾರರ ಅಂದಾಜು. ಅವರಲ್ಲಿ ಮುಕ್ಕಾಲು ಪಾಲಿನಷ್ಟು ಹೆಂಗಸರು.

ಉಳಿದ ಕಾಲು ಪಾಲನ್ನು ಮರೆಯುವುದು ನ್ಯಾಯವಲ್ಲ. ಅಮೆರಿಕದ ಸೇಲಂ ಊರಿನಲ್ಲಿ ೧೬೯೨ರಲ್ಲಿ ಗಲ್ಲಿಗೇರಿದ ಹತ್ತೊಂಬತ್ತು ಮಂದಿಯಲ್ಲಿ ಹೆಂಗಸರು ೧೪, ಗಂಡಸರು ೫. ಆ ಐವರಲ್ಲಿ ಒಬ್ಬ ಪಾದ್ರಿಯೂ ಇದ್ದ. ಐಸ್ಲೆಂಡಿನಲ್ಲಂತೂ ಲೆಕ್ಕ ತಿರುಗುಮುರುಗು: ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಸುಟ್ಟ ಇಪ್ಪತ್ತು ಚಿಲ್ಲರೆ ಮಂದಿಯಲ್ಲಿ ಹೆಂಗಸು ಒಬ್ಬಳೇ. ಆ ದ್ವೀಪದಲ್ಲಿ ಮಾಟವೆಂದರೆ ಗುಪ್ತಾಕ್ಷರಗಳನ್ನು ಕೊರೆಯುವುದು, ಬರೆದಿಡುವುದು; ಅಂದರೆ ಅಕ್ಷರದ ಕೆಲಸ, ಗಂಡಸರ ಕೆಲಸ. ಆದುದರಿಂದ ಆಪತ್ತೂ ಅವರ ಪಾಲಿಗೇ ಬಂತು. ಹೆಣ್ಣು ಗಂಡೆಂಬ ಸುಲಭದ ಉತ್ತರ ಸಾಲದೆಂದು ನನಗೆ ಮನವರಿಕೆಯಾದದ್ದು ಇಲ್ಲಿಯೇ.

ಹಾಗಾದರೆ ನಿಜವಾದ ವ್ಯತ್ಯಾಸ ಯಾವುದು? ಒಂದೇ ಮನೆಯ ಒಬ್ಬ ತಾಯಿ, ಒಬ್ಬ ಮಗನ ಕಥೆ ಇದಕ್ಕೆ ಉತ್ತರ ಕೊಡುತ್ತದೆ. ಮಗ ಯೊಹಾನ್ನೆಸ್ ಕೆಪ್ಲರ್. ಗ್ರಹಗಳು ಸೂರ್ಯನ ಸುತ್ತ ದೀರ್ಘವೃತ್ತದಲ್ಲಿ ಸುತ್ತುತ್ತವೆಂದು ಲೋಕಕ್ಕೆ ತೋರಿಸಿದ ಮಹನೀಯ. ವಿಜ್ಞಾನದ ವಿದ್ಯಾರ್ಥಿಗಳಿಗೆ ಅವನ ಮೂರು ನಿಯಮಗಳು ಕಂಠಪಾಠ. ಅವನು ಚಕ್ರವರ್ತಿಯ ಆಸ್ಥಾನದ ಗಣಿತಜ್ಞನಾಗಿದ್ದ. ಜಾತಕ ಬರೆಯುವುದೂ, ಕಾಲದ ಶುಭಾಶುಭ ಹೇಳುವುದೂ ಆ ಉದ್ಯೋಗದ ಒಂದು ಭಾಗ. ಅದಕ್ಕೆ ಸಂಬಳವಿತ್ತು, ಮನ್ನಣೆಯಿತ್ತು. ತಾಯಿ ಕಥರೀನಾ ಜರ್ಮನಿಯ ಲಿಯೊನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಒಂಟಿಯಾಗಿದ್ದ ಮುದುಕಿ. ಬೇರು ನಾರುಗಳ ಔಷಧಿ ಬಲ್ಲವಳು, ನಾಲಿಗೆ ತುಸು ಹರಿತ. ೧೬೧೫ರಲ್ಲಿ ನೆರೆಯ ಹೆಂಗಸೊಬ್ಬಳು, ಈ ಮುದುಕಿ ಕೊಟ್ಟ ಕಹಿ ಪಾನೀಯ ಕುಡಿದು ತನಗೆ ಕಾಯಿಲೆ ಬಂತೆಂದು ದೂರಿದಳು. ಒಬ್ಬಳು ಬಾಯಿಬಿಟ್ಟದ್ದೇ ತಡ, ಊರಿನವರಿಗೆಲ್ಲ ತಮ್ಮ ತಮ್ಮ ಹಳೆಯ ನೋವುಗಳು ನೆನಪಾದವು. ೧೬೨೦ರಲ್ಲಿ ಅವಳನ್ನು ಸೆರೆಹಿಡಿದು ಸರಪಳಿ ಹಾಕಿದರು. ಆಗ ಅವಳಿಗೆ ಎಪ್ಪತ್ತು ದಾಟಿತ್ತು.

ಕೆಪ್ಲರ್ ತನ್ನ ಕೆಲಸ ಬಿಟ್ಟು ಬಂದು ತಾಯಿಯ ಪರವಾಗಿ ವಾದ ಹೂಡಿದ. ಆಕಾಶದ ಲೆಕ್ಕ ಹಾಕಿದ ಬುದ್ಧಿಯನ್ನು ನೆರೆಹೊರೆಯವರ ಹೇಳಿಕೆಗಳ ಮೇಲೆ ಪ್ರಯೋಗಿಸಿದ. ಈ ಕಾಯಿಲೆ ಯಾವಾಗ ಆರಂಭವಾಯಿತು, ಅದಕ್ಕೆ ಬೇರೆ ಸಹಜ ಕಾರಣವಿಲ್ಲವೆ, ಈ ಸಾಕ್ಷಿಯ ಮಾತು ಆ ಸಾಕ್ಷಿಯ ಮಾತಿಗೆ ಹೊಂದುತ್ತದೆಯೆ ಎಂದು ಒಂದೊಂದನ್ನೂ ಬಿಡಿಸಿ ಬರೆದ. ಹದಿನಾಲ್ಕು ತಿಂಗಳ ಸೆರೆವಾಸದ ಕೊನೆಗೆ ಚಿತ್ರಹಿಂಸೆಯ ಉಪಕರಣಗಳನ್ನು ಮುದುಕಿಯ ಮುಂದೆ ಹರಡಿ ಹೆದರಿಸಿದರೂ ಅವಳು ತಪ್ಪೊಪ್ಪಿಕೊಳ್ಳಲಿಲ್ಲ. ೧೬೨೧ರಲ್ಲಿ ಬಿಡುಗಡೆಯಾಯಿತು; ಮರುವರ್ಷವೇ ತೀರಿಕೊಂಡಳು. ತಾಯಿಗೆ ಗೊತ್ತಿದ್ದದ್ದು ಗಿಡಮೂಲಿಕೆ, ಮಗನಿಗೆ ಗೊತ್ತಿದ್ದದ್ದು ನಕ್ಷತ್ರ. ಮಗನು ತಾನು ಜ್ಯೋತಿಷ ಬಲ್ಲೆನೆಂದು ತಾನೇ ಹೇಳಿದ, ಲೋಕ ತಲೆಬಾಗಿತು. ತಾಯಿ ತಾನು ಮಾಟ ಬಲ್ಲೆನೆಂದು ಎಂದೂ ಹೇಳಲಿಲ್ಲ. ಲೋಕ ಹೇಳಿತು, ಸರಪಳಿ ಹಾಕಿತು.

ನನ್ನ ಮನಸ್ಸಿಗೆ ವ್ಯತ್ಯಾಸದ ತಿರುಳು ಇದೇ ಎಂದು ತೋರುತ್ತದೆ. ಮಾಂತ್ರಿಕ ಎಂಬುದು ಒಬ್ಬನು ತನಗೆ ತಾನೇ ಇಟ್ಟುಕೊಳ್ಳುವ ಹೆಸರು. ಮಾಟಗಾತಿ ಎಂಬುದು ಪರರು ಒಬ್ಬಳಿಗೆ ಇಡುವ ಹೆಸರು. ಮೊದಲನೆಯದು ವೃತ್ತಿ, ಎರಡನೆಯದು ಆಪಾದನೆ. ಮೊದಲನೆಯದರಿಂದ ಹೊಟ್ಟೆ ತುಂಬುತ್ತದೆ, ಎರಡನೆಯದರಿಂದ ಮನೆ ಖಾಲಿಯಾಗುತ್ತದೆ.

ಇಂಗ್ಲೆಂಡಿನ ಶಾಸನಕ್ಕೆ ಈ ವಿವೇಕ ಬರಲು ಬಹುಕಾಲ ಹಿಡಿಯಿತು. ೧೭೩೫ರ ಶಾಸನ ಮಾಟವೆಂಬ ಅಪರಾಧವನ್ನೇ ತೆಗೆದುಹಾಕಿ, ತನಗೆ ಅಂಥ ಶಕ್ತಿಯುಂಟೆಂದು ಸೋಗು ಹಾಕುವವನಿಗೆ ಒಂದು ವರ್ಷದ ಸೆರೆ ವಿಧಿಸಿತು. ಅಲ್ಲಿಯ ವರೆಗೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತವಳು ಆಪಾದಿತೆ. ಅಂದಿನಿಂದ ನಿಲ್ಲಬೇಕಾದವನು ಹೇಳಿಕೊಳ್ಳುವವನು.

ನಮ್ಮ ದೇಶದಲ್ಲಿ ಆ ಕಥೆ ಇನ್ನೂ ಮುಗಿದಿಲ್ಲ. ಬಿಹಾರ ರಾಜ್ಯ ೧೯೯೯ರಲ್ಲಿ ‘ಡಾಯನ್’ ಪದ್ಧತಿಯನ್ನು ತಡೆಯಲು ಶಾಸನ ಮಾಡಿತು. ಜಾರ್ಖಂಡ್ ಬೇರೆ ರಾಜ್ಯವಾದ ಮೇಲೆ ೨೦೦೧ರಲ್ಲಿ ಅದನ್ನೇ ಸ್ವೀಕರಿಸಿತು. ಛತ್ತೀಸಗಢ ೨೦೦೫ರಲ್ಲಿ, ಒಡಿಶಾ ೨೦೧೩ರಲ್ಲಿ, ರಾಜಸ್ಥಾನ ೨೦೧೫ರಲ್ಲಿ ಇದೇ ದಾರಿ ಹಿಡಿದವು. ಬಿಹಾರದ ಶಾಸನದ ಪರಿಭಾಷೆಗಳನ್ನು ಓದಿದಾಗ ನಾನು ಬೆರಗಾದೆ. ಡಾಯನ್ ಎಂದರೆ, ಕೇಡು ಮಾಡುವ ಶಕ್ತಿಯುಳ್ಳವಳೆಂದು ಬೇರೆ ಯಾರಿಂದಲೋ ಗುರುತಿಸಲ್ಪಟ್ಟ ಹೆಂಗಸು. ಓಝಾ ಎಂದರೆ, ಅಂಥವಳನ್ನು ಹತೋಟಿಯಲ್ಲಿಡುವ ಶಕ್ತಿ ತನಗಿದೆಯೆಂದು ಹೇಳಿಕೊಳ್ಳುವವನು. ನಾನು ಇಷ್ಟು ಪುಟ ಬರೆದು ಹೇಳಲು ಹೆಣಗಿದ್ದನ್ನು ಶಾಸನ ಎರಡು ವಾಕ್ಯದಲ್ಲಿ ಹೇಳಿಬಿಟ್ಟಿತ್ತು! ಹಳ್ಳಿಯಲ್ಲಿ ಮಗು ಸತ್ತರೆ, ದನ ಸತ್ತರೆ ಜನ ಓಝಾನ ಬಳಿ ಹೋಗುತ್ತಾರೆ. ಅವನು ಬೆರಳು ತೋರಿಸುತ್ತಾನೆ. ಆ ಬೆರಳು ಸಾಮಾನ್ಯವಾಗಿ ವಿಧವೆಯ ಕಡೆಗೆ, ದಿಕ್ಕಿಲ್ಲದವಳ ಕಡೆಗೆ, ಎಷ್ಟೋ ವೇಳೆ ದಾಯಾದಿಗಳು ಬಯಸುವ ತುಂಡುಭೂಮಿ ಉಳ್ಳವಳ ಕಡೆಗೆ ತಿರುಗುತ್ತದೆ. ಹೀಗೆ ಗುರುತಿಸಿದ್ದಕ್ಕೆ ಆ ಶಾಸನ ಇಟ್ಟ ಶಿಕ್ಷೆ ಹೆಚ್ಚೆಂದರೆ ಮೂರು ತಿಂಗಳ ಸೆರೆ ಅಥವಾ ೧,೦೦೦ ರೂಪಾಯಿ ದಂಡ, ಇಲ್ಲವೆ ಎರಡೂ. ಒಂದು ಎಮ್ಮೆಯ ಬೆಲೆಯಲ್ಲಿ ಅದು ಎಷ್ಟನೆಯ ಪಾಲೆಂದು ವಾಚಕರೇ ಲೆಕ್ಕ ಹಾಕಬಹುದು. ಜಾರ್ಖಂಡಿನ ಛುಟ್ನಿ ಮಹತೊ ಅವರನ್ನು ಡಾಯನ್ ಎಂದು ಕರೆದು, ಹೊಡೆದು, ಊರು ಬಿಡಿಸಿದರು. ಅವರು ಕುಗ್ಗದೆ, ತಮ್ಮಂತೆಯೇ ಆಪಾದನೆಗೆ ಗುರಿಯಾದ ಹೆಂಗಸರಿಗೆ ಆಸರೆಯಾಗಿ ನಿಂತರು. ೨೦೨೧ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿ ಗೌರವಿಸಿತು. ನಮ್ಮ ರಾಜ್ಯದಲ್ಲಿಯೂ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ೨೦೧೭ರ ಕಾಯಿದೆ ೨೦೨೦ರಲ್ಲಿ ಜಾರಿಗೆ ಬಂದಿದೆ.

ಕಾಯಿದೆಯ ಮಾತು ಮುಗಿಯಿತು. ಇನ್ನು ಗುಡಿಯ ಹಿಂದಿನ ಮನೆಯ ಮಾತು. ಆ ಮನೆಯಲ್ಲಿದ್ದವರು ಒಬ್ಬ ಮುದುಕಿ. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು ಮದುವೆಯಾಗಿ ದೂರದಲ್ಲಿದ್ದಳು. ಮಕ್ಕಳ ಕೆಮ್ಮಿಗೆ ದೊಡ್ಡಪತ್ರೆಯ ರಸ, ಕಾಮಾಲೆಗೆ ನೆಲನೆಲ್ಲಿ ಕೊಡುತ್ತಿದ್ದರು. ಹಿತ್ತಿಲಲ್ಲಿ ಒಂದು ಸೀಬೆಯ ಮರ. ಶಾಲೆಯಿಂದ ಬರುವಾಗ ನಮಗೆಲ್ಲ ಹಣ್ಣು. ನನಗೆ ಎಂಟು ವರ್ಷವಿದ್ದಾಗ ನಮ್ಮ ಮನೆಯ ಎಮ್ಮೆ ಇದ್ದಕ್ಕಿದ್ದಂತೆ ಹಾಲು ಕೊಡುವುದನ್ನು ನಿಲ್ಲಿಸಿತು. ಪಕ್ಕದ ಊರಿನಿಂದ ಒಬ್ಬ ಮಂತ್ರವಾದಿಯನ್ನು ಕರೆಸಿದರು. ಮಣೆ ಹಾಕಿ ಕೂರಿಸಿ, ಕಾಯಿ, ಅಕ್ಕಿ, ಎಲೆಯಡಿಕೆಯ ಮೇಲೆ ದಕ್ಷಿಣೆ ಇಟ್ಟರು. ಅವನು ಕಣ್ಣು ಮುಚ್ಚಿ ಏನೋ ಗುಣುಗುಣಿಸಿ, “ಎರಡು ಮೂರು ದಿನದಲ್ಲಿ ಕೊಟ್ಟಿಗೆಗೆ ಹೊರಗಿನವರು ಯಾರಾದರೂ ಬಂದಿದ್ದರೇ?” ಎಂದು ಕೇಳಿದ. ದೊಡ್ಡವರೆಲ್ಲ ಮುಖ ಮುಖ ನೋಡಿಕೊಂಡರು. ಆಗ ನಾನು, ಇಷ್ಟು ಜನರ ನಡುವೆ ನನಗೊಬ್ಬಳಿಗೇ ಉತ್ತರ ಗೊತ್ತೆಂಬ ಹೆಮ್ಮೆಯಿಂದ, “ಗುಡಿ ಹಿಂದಿನ ಅಜ್ಜಿ ಬಂದು ಎಮ್ಮೆಯ ಮೈ ಸವರಿದರು, ಎಷ್ಟು ಚೆನ್ನಾಗಿದೆ ಅಂದರು” ಎಂದೆ. ಮಂತ್ರವಾದಿ ತಲೆಯಾಡಿಸಿದ. ಅವನು ಹೆಸರು ಹೇಳಲೇ ಇಲ್ಲ. ಹೇಳುವ ಅಗತ್ಯ ಉಳಿದಿರಲಿಲ್ಲ.

ಆಮೇಲೆ ಯಾರೂ ಅವರಿಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಆದರೆ ಅವರ ಕೈಯ ಮದ್ದನ್ನು ಯಾರೂ ಕುಡಿಯಲಿಲ್ಲ; ಮಜ್ಜಿಗೆಗೆ ಬಂದರೆ ಇಲ್ಲವೆಂದರು; ಹಸುಗೂಸಿದ್ದ ಮನೆಗಳು ಅವರು ಬರುವುದನ್ನು ಕಂಡು ಬಾಗಿಲು ಮುಂದೂಡಿದವು. ಬಿದ್ದ ಸೀಬೆಹಣ್ಣನ್ನು ನಾವು ಮಕ್ಕಳು ಮುಟ್ಟಲಿಲ್ಲ. ಎಮ್ಮೆಗೆ ಆಗಿದ್ದದ್ದು ಕೆಚ್ಚಲುಬಾವು. ವಾರದ ಮೇಲೆ ಬಂದ ಪಶುವೈದ್ಯರು ನೋಡಿದೊಡನೆ ಹಾಗೆಂದು ಹೇಳಿ ಸೂಜಿಮದ್ದು ಕೊಟ್ಟರು. ಕೆಲವು ದಿನಗಳಲ್ಲಿ ಹಾಲು ಬಂತು. ಕೀರ್ತಿ ಮಾತ್ರ ಎಮ್ಮೆಯ ಕೊರಳಿಗೆ ಕಟ್ಟಿದ್ದ ತಾಯಿತಕ್ಕೆ ಹೋಯಿತು. ಮರುವರ್ಷ ಆ ಅಜ್ಜಿ ಬಾಗಿಲಿಗೆ ಬೀಗ ಹಾಕಿ ಮಗಳ ಊರಿಗೆ ಹೋದರು. ಮತ್ತೆ ಬರಲಿಲ್ಲ.

ಕಥರೀನಾ ಕೆಪ್ಲರಳ ಮೊಕದ್ದಮೆಯ ವಿಷಯ ಓದುವಾಗ ನನಗೆ ಅವಳ ನೆರೆಯವರ ಮೇಲೆ ಮೊದಲು ಸಿಟ್ಟು ಬಂತು. ಅವರಲ್ಲಿ ಹೆಚ್ಚಿನವರು ದುಷ್ಟರಲ್ಲ. ತಾವು ಕಂಡದ್ದನ್ನು ಹೇಳಿದವರು. ನಾನು ಹೇಳಿದ್ದೂ ಸುಳ್ಳಲ್ಲ. ಆ ಅಜ್ಜಿ ಬಂದದ್ದು ನಿಜ, ಸವರಿದ್ದು ನಿಜ, ಹೊಗಳಿದ್ದು ನಿಜ. ಒಂದು ನಿಜವನ್ನು ಕೇಳಬಾರದವನು ಕೇಳಿದಾಗ, ಹೇಳಬಾರದ ಜಾಗದಲ್ಲಿ ಹೇಳಿದೆ. ಮಾಟಗಾತಿಯನ್ನು ಸೃಷ್ಟಿಸಲು ಅಷ್ಟು ಸಾಕು. ಅದಕ್ಕೆ ಯಾವ ಮಂತ್ರವೂ ಬೇಡ.

ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗಿ, ದಾದಿಯರಾಗಿ, ಕಚೇರಿಯ ನೌಕರರಾಗಿ ಹಳ್ಳಿಗಳಿಗೇ ಹೋಗುವವರು. ಅಲ್ಲಿ ಯಾರಾದರೂ ಒಬ್ಬರ ಕಡೆಗೆ ಬೆರಳು ತೋರಿಸಿದಾಗ, ‘ಈ ಹೆಸರನ್ನು ಇಟ್ಟವರು ಯಾರು?’ ಎಂದು ಮೊದಲು ಕೇಳಿದರೆ ನಾವು ಓದಿದ್ದಕ್ಕೆ ಸ್ವಲ್ಪ ಸಾರ್ಥಕ. ಮುಂದಿನ ರಜೆಗೆ ಹೋದಾಗ ತಮ್ಮನಿಗೆ ಕೊಟ್ಟ ಉತ್ತರವನ್ನು ತಿದ್ದಬೇಕು. ಅದು ಸುಲಭ, ಅವನು ಹುಡುಗ. ಅಜ್ಜಿಗೂ ಹೇಳಬೇಕು. ಅಂದು ಮಂತ್ರವಾದಿಗೆ ಉತ್ತರ ಕೊಟ್ಟವಳು ನಾನೇ ಎಂಬುದರಿಂದ ಮಾತು ಆರಂಭಿಸಬೇಕೆಂದಿದ್ದೇನೆ.